ನಾನು ಊದದ ಏಳನೆಯ ಹಾಡು

ನನ್ನ ಹೆಸರು ಹೊತ್ತ ಆಲ್ಬಮ್ಮಿನ ಏಳನೆಯ ಹಾಡನ್ನು ನಾನು ಊದಿಲ್ಲ. ಹೀಗೆಂದರೆ ಜನ ನಗುತ್ತಾರೆ, ವಿನಯ ಎಂದುಕೊಳ್ಳುತ್ತಾರೆ. ನನಗೂ ವಿನಯಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ ಎಂದು ಚೆನ್ನಾಗಿ ಗೊತ್ತಿರುವವರೂ ಹಾಗೇ ಅಂದುಕೊಳ್ಳುತ್ತಾರೆ. ಒಬ್ಬೊಬ್ಬರಿಗೂ ಬಿಡಿಸಿ ಹೇಳಿ ನನಗೆ ಸಾಕಾಗಿದೆ. ಒಂದೇ ಸಲ ಮೊದಲಿಂದ ಹೇಳಿ ಕೈತೊಳೆದುಕೊಳ್ಳುತ್ತೇನೆ.

ನಾನು ಊದುವುದು ಟೆನರ್ ಸ್ಯಾಕ್ಸೊಫೋನ್. ಹೋಟೆಲಿನ ಮೂಲೆಗಳಲ್ಲಿ, ಊಟ ಮಾಡುವವರ ಚಮಚದ ಸದ್ದಿನ ನಡುವೆ ಜಾಝ್ ಊದಿಯೇ ಹೊಟ್ಟೆ ಹೊರೆದವಳು ನಾನು. ನನಗೊಬ್ಬ ತಮ್ಮ. ಅವನು ಸಿಂಥಸೈಜರ್ ನುಡಿಸುತ್ತಾನೆ. ನುಡಿಸುತ್ತಾನೆ ಎನ್ನಬೇಕೋ, ಸಾಕುತ್ತಾನೆ ಎನ್ನಬೇಕೋ. ಅವನ ಕೋಣೆಯಲ್ಲಿ ಆ ಪೆಟ್ಟಿಗೆಗಳು ಒಂದರ ಮೇಲೊಂದು ಕೂತಿರುತ್ತವೆ, ಕಾಲಿಡಲು ಹೋದರೆ ವೈರು. ಅವನ ಕೊರಳಲ್ಲೂ ಯಾವಾಗಲೂ ಒಂದು ವೈರು ಜೋತಾಡುತ್ತಿರುತ್ತದೆ. ಅದಕ್ಕೇ ನಾನು ತಂತಿ ಎಂದು ಹೆಸರಿಟ್ಟೆ, ಈಗ ಅವನ ಹೆಂಡತಿಯೂ ಹಾಗೇ ಕರೆಯುತ್ತಾಳೆ. ಅವನು ಒಂದು ಕೀಲಿ ಒತ್ತಿ, ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದರೂ ಆ ನಾದ ಮುಗಿದಿರುವುದಿಲ್ಲ. ಅದಕ್ಕೆ ಆಂಬಿಯೆಂಟ್ ಅನ್ನುತ್ತಾರಂತೆ. "ಸಂಗೀತ ಯಾವಾಗ ಶುರುವಾಗುತ್ತೆ?" ಎಂದು ನಾನು ಕೇಳುತ್ತಿದ್ದೆ. "ನೀನು ಬಾಯಿ ಮುಚ್ಚಿದ ಮೇಲೆ" ಎನ್ನುತ್ತಿದ್ದ. ನಾವಿಬ್ಬರೂ ಹಾಗೇ ಬೆಳೆದವರು, ಅದರಲ್ಲಿ ವಿಷವಿರಲಿಲ್ಲ.

ಅಮ್ಮ ನನ್ನ ಜೊತೆಗಿದ್ದಾಳೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಿಸುವ ಕೆಲಸದಲ್ಲಿ ಅವಳ ಪ್ರಾಯವೆಲ್ಲ ಕಳೆಯಿತು. ಯಂತ್ರಗಳ ಗದ್ದಲದಲ್ಲಿ ಯಾರಿಗೂ ಕೇಳದೆಂಬ ಧೈರ್ಯದಿಂದ ದಿನವಿಡೀ ಹಾಡಿಕೊಳ್ಳುತ್ತಿದ್ದಳು. ಎಲ್ಲ ಅವಳ ಅಮ್ಮನ, ಚಿಕ್ಕಮ್ಮಂದಿರ ಹಾಡುಗಳು. ಬೀಸುವಾಗಿನವು, ನೀರು ಸೇದುವಾಗಿನವು, ಹೋದವರನ್ನು ನೆನೆಯುವಾಗಿನವು. ಅವುಗಳಲ್ಲಿ ಒಂದು, ಮಗು ಮಲಗಿಸುವ ಹಾಡು. ಮೊದಲ ಸಾಲಿಗೆ ಮಾತ್ರ ಮಾತಿದೆ, ಆಮೇಲೆ ಬರೀ ಮೂಗಿನಲ್ಲಿ ಗುನುಗುವುದು. ಅದು ನನ್ನ ಹಾಡು. ಹದಿನೆಂಟು ತುಂಬುವ ಮುಂಚೆಯೇ ಅದನ್ನು ಸ್ಯಾಕ್ಸೊಫೋನಿಗೆ ತಂದುಕೊಂಡು, ಅಂದಿನಿಂದ ಪ್ರತಿ ಕಾರ್ಯಕ್ರಮದ ಕೊನೆಗೆ ಊದಿದ್ದೇನೆ, ಪ್ರತಿ ಸಲವೂ ಬೇರೆ ಬೇರೆ ತಿರುವು ಕೊಟ್ಟು. ಅಮ್ಮ ಕೇಳಿದಾಗಲೆಲ್ಲ "ಚೆನ್ನಾಗಿದೆ ಕಣೇ" ಎನ್ನುತ್ತಿದ್ದಳು. ಹೊಗಳಿಕೆಯಲ್ಲಿ ಅಮ್ಮ ಮಹಾ ಜಿಪುಣಿ. ಆದ್ದರಿಂದ ಆ ಎರಡು ಮಾತು ನನಗೆ ಊರಿನ ಚಪ್ಪಾಳೆಗಿಂತ ಹೆಚ್ಚು.

ಅಮ್ಮನ ಹಾಡುಗಳನ್ನೆಲ್ಲ ಸೇರಿಸಿ ಆಲ್ಬಮ್ ಮಾಡೋಣ ಎಂದವನು ತಂತಿ. ನನ್ನ ಸ್ಯಾಕ್ಸೊಫೋನು, ಅವನ ಮುಗಿಯದ ನಾದಗಳು, ಜೊತೆಗೆ ಆಳೆತ್ತರದ ತಂತಿವಾದ್ಯ ಡಬಲ್ ಬಾಸ್ ನುಡಿಸುವ ನಮ್ಮ ಹಳೆಯ ಗೆಳೆಯ. ಆತ ತನ್ನ ವಾದ್ಯಕ್ಕಿಂತ ಒಂದು ಗೇಣು ಎತ್ತರ, ಅವನನ್ನು ಎಲ್ಲರೂ ಕಂಬ ಎನ್ನುತ್ತಾರೆ. ಏಳು ಹಾಡು ಎಂದು ಮಾತಾಯಿತು. ಒಂದು ಸಣ್ಣ ರೆಕಾರ್ಡಿಂಗ್ ಕಂಪನಿ ಒಪ್ಪಿಕೊಂಡಿತು.

ಮೊದಲ ದಿನವೇ ತಂತಿ ಒಂದು ವಿಚಿತ್ರ ಕೋರಿಕೆ ಇಟ್ಟ. "ಅಕ್ಕ, ನೀನು ಬೆಳಿಗ್ಗೆ ಅಭ್ಯಾಸಕ್ಕೆ ಒಂದೊಂದೇ ಸ್ವರ ಉದ್ದಕ್ಕೆ ಹಿಡೀತೀಯಲ್ಲ, ಅದನ್ನ ರೆಕಾರ್ಡ್ ಮಾಡ್ಕೊಳ್ಳಲಾ? ಕೆಳಗಿಂದ ಮೇಲಿನವರೆಗೂ. ಮೆತ್ತಗೆ ಒಂದ್ಸಲ, ಜೋರಾಗಿ ಒಂದ್ಸಲ. ನನ್ನ ಯಂತ್ರಾನ ನಿನ್ನ ಶ್ರುತಿಗೆ ಹೊಂದಿಸ್ಕೋಬೇಕು."

ಊದುವವರೆಲ್ಲ ಬೆಳಿಗ್ಗೆ ಮಾಡುವ ಕೆಲಸ ಅದು. ಒಂದು ಸ್ವರ ಹಿಡಿದು, ಉಸಿರು ಮುಗಿಯುವವರೆಗೆ ಅಲುಗಾಡದಂತೆ ನಿಲ್ಲಿಸುವುದು, ಆಮೇಲೆ ಮುಂದಿನದು. ನಮಗೆ ಅದು ಸಂಗೀತವೇ ಅಲ್ಲ, ಹಲ್ಲುಜ್ಜಿದ ಹಾಗೆ. ಹಲ್ಲುಜ್ಜುವುದನ್ನು ಯಾರಾದರೂ ಕದಿಯುತ್ತಾರೆಂದು ಯಾರು ಬಾಗಿಲು ಹಾಕಿಕೊಳ್ಳುತ್ತಾರೆ? ಬರೆದು ತಂದ ಹಾಡೊಂದನ್ನು ಊದಿಕೊಡು ಎಂದಿದ್ದರೆ ಇದು ಯಾಕೆ, ಯಾರಿಗೆ, ಯಾರ ಹೆಸರಲ್ಲಿ ಎಂದು ನೂರು ಪ್ರಶ್ನೆ ಹಾಕುತ್ತಿದ್ದೆ. ಇದಕ್ಕೆ ಒಂದೂ ಕೇಳಲಿಲ್ಲ. ಎರಡು ದಿನ ಬೆಳಿಗ್ಗೆ ಅವನ ಕೋಣೆಯಲ್ಲಿ ನಿಂತು ಒಂದೊಂದೇ ಸ್ವರ ಊದಿಕೊಟ್ಟೆ. ಸ್ವರ ಹಿಡಿಯುವ ಮುಂಚಿನ ಉಸಿರೂ, ಕೀಲಿಗಳ ಟಕಟಕ ಸದ್ದೂ ಬೇಕೆಂದ. "ಕೆಮ್ಮೋದೂ ಬೇಕೇನೋ?" ಎಂದು ನಗುತ್ತಲೇ ಅದನ್ನೂ ಕೊಟ್ಟೆ.

ಆರು ಹಾಡು ಮುಗಿಯುವಷ್ಟರಲ್ಲಿ ನನ್ನ ಹಲ್ಲು ಕೈಕೊಟ್ಟಿತು. ಸ್ಯಾಕ್ಸೊಫೋನ್ ಊದುವವಳ ಜೀವ ಇರುವುದು ಮೇಲಿನ ಎದುರು ಹಲ್ಲುಗಳಲ್ಲಿ. ಬಾಯಿಗಿಡುವ ತುದಿ ಅಲ್ಲೇ ಊರಿಕೊಂಡಿರಬೇಕು. ನನ್ನವು ಬೇರಿನಲ್ಲೇ ಕೊಳೆತಿದ್ದವು. ದಂತವೈದ್ಯೆ ದೀಪ ಬಗ್ಗಿಸಿ ನೋಡಿ, "ನಾಲ್ಕೂ ತೆಗೀಬೇಕು. ಆಮೇಲೆ ಕಟ್ಟಿಸಿಕೊಡ್ತೀನಿ, ತಿನ್ನೋಕೇನೂ ತೊಂದರೆ ಇಲ್ಲ" ಎಂದಳು. ಊದೋಕೆ, ಎಂದು ಕೇಳಿದೆ. "ಕೆಲವರಿಗೆ ವಾಪಸ್ ಬರುತ್ತೆ, ಕೆಲವರಿಗೆ ಬರಲ್ಲ" ಎಂದು ಕೈಗವಸು ಕಳಚಿದಳು.

ನಾನು ಹಠಮಾರಿ. ತೆಗೆಸುವುದನ್ನು ಮುಂದೂಡಿ ಏಳನೆಯ ಹಾಡಿಗೆ ನಿಂತೆ. ಕೊನೆಗೆಂದು ಉಳಿಸಿಕೊಂಡದ್ದು ಮಗು ಮಲಗಿಸುವ ಹಾಡೇ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ನೋವು ಕಣ್ಣಿಗೆ ಹತ್ತುತ್ತಿತ್ತು, ತುಟಿಯ ಸಂದಿಯಿಂದ ಗಾಳಿ ಸೋರುತ್ತಿತ್ತು. ಊದಿದೆ, ನಿಲ್ಲಿಸಿದೆ, ಮತ್ತೆ ಊದಿದೆ. ಕಂಬ ಬಾಸಿನ ಮೇಲೆ ಕೈ ಇಟ್ಟುಕೊಂಡು ನೆಲ ನೋಡುತ್ತಿದ್ದ. ಸಂಜೆಗೆ ನಾನೇ ವಾದ್ಯ ಕೆಳಗಿಟ್ಟೆ.

"ಏಳನೇದು ನಾನೇ ಊದಬೇಕು ತಂತಿ. ಹಲ್ಲು ಕಟ್ಟಿಸ್ಕೊಂಡು ಬರ್ತೀನಿ. ಆಗ ಆಯ್ತೋ ಆಯ್ತು. ಆಗ್ಲಿಲ್ವಾ, ಆರೇ ಇರ್ಲಿ" ಎಂದೆ.

"ಆಯ್ತಕ್ಕ. ನೀನಿಲ್ದೆ ಏಳನೇದಿಲ್ಲ" ಎಂದ. ನನ್ನ ಕೈ ಹಿಡಿದು ಹೇಳಿದ. ಇದನ್ನು ಮರೆಯಬೇಡಿ, ನಾನಂತೂ ಮರೆತಿಲ್ಲ.

ಹಲ್ಲು ತೆಗೆಸಿದ ಮೇಲಿನ ವಾರಗಳು ನನ್ನ ವೈರಿಗೂ ಬೇಡ. ಗಂಜಿಯಂಥದ್ದನ್ನೇ ಕುಡಿದುಕೊಂಡು, ಮೂತಿ ಊದಿಸಿಕೊಂಡು ಗೋಡೆ ನೋಡುತ್ತ ಮಲಗಿದ್ದೆ. ಮಾತಾಡಿದರೆ ಸೀಟಿ ಹೊಡೆದಂತೆ ಸದ್ದು ಬರುತ್ತಿತ್ತು. ಅಮ್ಮ ಮಧ್ಯಾಹ್ನಗಳಲ್ಲಿ ತಂತಿಯ ಮನೆಗೆ ಹೋಗಿಬರತೊಡಗಿದಳು. ಮೊಮ್ಮಗಳಿಗೆ ಜ್ವರ ಎಂದಳು. ಇಷ್ಟು ದಿನದ ಜ್ವರವೇ ಎಂದು ಕೇಳಿದ್ದಕ್ಕೆ "ಮಕ್ಕಳಿಗೆ ಹಾಗೇ ಬಿಟ್ಟು ಬಿಟ್ಟು ಬರುತ್ತೆ" ಎಂದಳು. ನಾನು ನಂಬಿದೆ. ಅಮ್ಮ ಹೇಳಿದರೆ ನಂಬದೆ ಇನ್ನೇನು ಮಾಡುತ್ತಾರೆ.

ಬಿಡುಗಡೆಗೆ ಮುಂಚೆ ಆಪ್ತರನ್ನು ಕರೆದು ಕೇಳಿಸುತ್ತೇವೆ ಎಂದು ಕಂಪನಿಯವರು ಹೇಳಿಕಳಿಸಿದರು. ಅವರ ಕಚೇರಿಯ ಹಿಂದೆ ಒಂದು ಪುಟ್ಟ ಕೋಣೆ, ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು ಅಂಟಿಸಿದ್ದರು. ಮುಂದಿನ ಸಾಲಿನಲ್ಲಿ ಅಮ್ಮ, ಪಕ್ಕದಲ್ಲಿ ನಾನು ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು. ಒಂದಾದ ಮೇಲೊಂದು ಆರು ಹಾಡು ಬಂದವು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿದ್ದವು. ತಂತಿಯ ಆ ಮುಗಿಯದ ನಾದಗಳ ಮೇಲೆ ನನ್ನ ಸ್ಯಾಕ್ಸೊಫೋನು ಆರಾಮವಾಗಿ ಕೂತಿತ್ತು. ಇನ್ನು ಏಳಬಹುದು ಎಂದು ಚೀಲ ಎತ್ತಿಕೊಂಡೆ. ನಾದ ನಿಲ್ಲಲಿಲ್ಲ. ಅದರೊಳಗಿಂದ ಒಂದು ಉಸಿರು ಕೇಳಿಸಿತು, ಆಮೇಲೆ ಸ್ಯಾಕ್ಸೊಫೋನು. ಮಗು ಮಲಗಿಸುವ ಹಾಡು.

ಈಗ ಹೇಳುವುದು ನನಗೇ ನಾಚಿಕೆ ತರುವ ವಿಷಯ. ಮೊದಲ ಸಾಲು ಕೇಳಿದಾಗ ನನಗೆ ಹೆಮ್ಮೆಯಾಯಿತು. ಎಷ್ಟು ತಾಳ್ಮೆಯಿಂದ ಊದಿದ್ದೀನಲ್ಲ, ಇನ್ನೂ ಇದೆ ನನ್ನಲ್ಲಿ, ಎಂದುಕೊಂಡೆ. ನನ್ನದೇ ದನಿ, ನನ್ನದೇ ಉಸಿರು, ನನ್ನ ಎಡಗೈ ಕಿರುಬೆರಳಿನ ಕೀಲಿ ಬೀಳುವ ಸದ್ದು. ಇದನ್ನು ಯಾವಾಗ ಊದಿದೆ ಎಂದು ನೆನಪಿಸಿಕೊಳ್ಳಲು ಹೋದೆ. ನಾಲಿಗೆ ತಾನಾಗಿ ಮೇಲೆ ಹೋಗಿ ಖಾಲಿ ವಸಡಿಗೆ ತಗುಲಿತು.

ನಾನು ಊದದ ಹಾಡನ್ನು ನಾನು ಊದುತ್ತಿದ್ದೆ. ಎದ್ದು ನಿಲ್ಲಿಸಿ ಎನ್ನಬೇಕಿತ್ತು, ಕೊನೆಯವರೆಗೂ ಕೂತು ಕೇಳಿದೆ. ಹಾಡು ಮುಗಿದಾಗ ಚಪ್ಪಾಳೆ ಅಲ್ಲ, ಮೊದಲು ಮೌನ ಬಂತು. ಊದುವವರಿಗೆ ಗೊತ್ತು, ಆ ಮೌನಕ್ಕಾಗಿ ನಾವು ಆಯುಷ್ಯ ತೇಯುತ್ತೇವೆ. ಹಿಂದಿನ ಸಾಲಿನಿಂದ ಕಂಬ ಬಗ್ಗಿ ನನ್ನ ಕಿವಿಯಲ್ಲಿ, "ಇದನ್ನ ಯಾವಾಗ ಮಾಡಿದ್ರಿ? ನನ್ನ ಕರೀಲೇ ಇಲ್ಲ. ಆರನೇದರವರೆಗೂ ಚೆನ್ನಾಗಿತ್ತು, ಆದ್ರೆ ಇದು ಬೇರೇನೇ" ಎಂದ. ಅವನ ಕಣ್ಣು ಒದ್ದೆಯಾಗಿತ್ತು.

ತಂತಿಯನ್ನು ತೋಳು ಹಿಡಿದು ಹೊರಗಿನ ಓಣಿಗೆ ಎಳೆದುಕೊಂಡು ಹೋದೆ. ಅಲ್ಲಿ ಖಾಲಿ ಡಬ್ಬಗಳನ್ನು ಪೇರಿಸಿಟ್ಟಿದ್ದರು.

"ಏನದು?" ಎಂದೆ. ಹಲ್ಲಿಲ್ಲದ ಬಾಯಿಂದ ಸಿಟ್ಟೂ ಸೀಟಿಯಾಗಿಯೇ ಬಂತು. ಅದಕ್ಕೆ ನನ್ನ ಮೈ ಇನ್ನಷ್ಟು ಉರಿಯಿತು.

"ಅಕ್ಕ, ಅದರಲ್ಲಿರೋ ಒಂದೊಂದು ಸ್ವರಾನೂ ನಿಂದೇ. ನೀನೇ ಊದಿಕೊಟ್ಟಿದ್ದು. ನಾನು ಅವನ್ನ ಯಂತ್ರಕ್ಕೆ ಹಾಕಿ ಜೋಡಿಸಿದೀನಿ ಅಷ್ಟೇ."

"ನಾನು ಇಟ್ಟಿಗೆ ಕೊಟ್ಟೆ ಅಂತ ನೀನು ಮನೆ ಕಟ್ಟಿ ನನ್ನ ಹೆಸರು ಬರೀತೀಯೇನೋ? ಯಂತ್ರ ಶ್ರುತಿ ಮಾಡ್ಕೋಬೇಕು ಅಂದ್ಯಲ್ಲ."

"ಅವತ್ತು ಅದಕ್ಕೇ ತಗೊಂಡಿದ್ದು. ನಿಜವಾಗ್ಲೂ. ಆಮೇಲೆ ನಿನ್ನ ಹಲ್ಲು ಹೋಯ್ತು. ಕಂಪನಿಯವರು ಏಳು ಅಂದ್ರೆ ಏಳು ಅಂತ ಕೂತ್ರು."

"ಆರೇ ಇರ್ಲಿ ಅಂದಿದ್ದೆ ನಾನು. ನೀನು ಕೈ ಹಿಡ್ಕೊಂಡು ಹೂಂ ಅಂದಿದ್ದೆ."

ಅವನು ಕೊರಳಿನ ವೈರನ್ನು ತಿರುಚುತ್ತ ನಿಂತ. ಚಿಕ್ಕಂದಿನಲ್ಲಿ ಅವನಿಗೆ ಉಬ್ಬಸ. ನನ್ನ ಹಾಗೆ ಊದಬೇಕೆಂದು ಆಸೆಪಟ್ಟು, ಒಂದು ಸ್ವರ ಹಿಡಿಯುವಷ್ಟರಲ್ಲಿ ನೀಲಿಗಟ್ಟುತ್ತಿದ್ದ. ಅದಕ್ಕೇ ಉಸಿರು ಬೇಡದ ವಾದ್ಯ ಹಿಡಿದ. "ನಂಗೂ ಅಮ್ಮ ಅವಳು" ಎಂದ ಕೊನೆಗೆ. "ಆ ಹಾಡು ನಂಗೂ ಹಾಡಿದಾಳೆ. ಒಂದ್ಸಲ ನಾನೂ ಊದಬೇಕು ಅನ್ಸಿತ್ತು ಅಕ್ಕ."

"ನನ್ನ ಬಾಯಲ್ಲಿ?"

ಆ ಹಾಡನ್ನು ಆಲ್ಬಮ್ಮಿನಿಂದ ತೆಗೆಯದಿದ್ದರೆ ನಿನ್ನ ಮುಖ ನೋಡುವುದಿಲ್ಲ ಎಂದೆ. "ತೆಗೀತೀನಿ. ಆದ್ರೆ ಮೊದಲು ಅಮ್ಮನ್ನ ಒಂದು ಮಾತು ಕೇಳು" ಎಂದ. ತಪ್ಪು ಮಾಡಿ ಅಮ್ಮನ ಬೆನ್ನ ಹಿಂದೆ ಅಡಗುವುದು ಅವನ ಹಳೇ ಚಾಳಿ. ಇನ್ನೂ ಬುದ್ಧಿ ಬಂದಿಲ್ಲ ಎಂದುಕೊಂಡು ಅಮ್ಮನನ್ನು ಕರೆದುಕೊಂಡು ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಅಮ್ಮ ಕಿಟಕಿಯ ಪಕ್ಕ ಕೂತು ಏನನ್ನೋ ಗುನುಗುತ್ತಿದ್ದಳು. ನನಗೆ ಅವಳದೇ ಚಿಂತೆ. ಮಗಳು ಇಷ್ಟು ಚೆನ್ನಾಗಿ ಊದಿದಳು ಎಂದು ಹಿಗ್ಗುತ್ತಿರುವವಳಿಗೆ ಇದನ್ನು ಹೇಗೆ ಹೇಳುವುದು? ಮಗ ನಿನಗೂ ಟೋಪಿ ಹಾಕಿದ ಎಂದು ಯಾವ ಬಾಯಲ್ಲಿ ಹೇಳುವುದು? ಮನೆಗೆ ಬಂದು, ಅವಳಿಗೆ ನೀರು ಕೊಟ್ಟು, ಎದುರು ಕೂತೆ.

"ಅಮ್ಮ, ಕೊನೇ ಹಾಡು ನಾನು ಊದಿದ್ದಲ್ಲ."

"ಗೊತ್ತು" ಎಂದಳು ಅಮ್ಮ.

ಲೋಟವನ್ನು ಮೇಜಿನ ಮೇಲಿಟ್ಟು, ಒದ್ದೆ ಉಂಗುರವನ್ನು ಅಂಗೈಯಿಂದ ಒರೆಸಿದಳು. "ಅವನು ಅದನ್ನ ಮಾಡುವಾಗ ನಾನೇ ಪಕ್ಕದಲ್ಲಿ ಕೂತಿದ್ದೆನಲ್ಲ. ಇಲ್ಲಿ ಎಳಿ, ಇಲ್ಲಿ ನಿಲ್ಲು, ಇಲ್ಲಿ ಉಸಿರು ತಗೋ ಅಂತ ನಾನೇ ಹೇಳಿದ್ದು. ಹೇಳಿದ ಹಾಗೇ ಬಂತು."

ಮೊಮ್ಮಗಳ ಜ್ವರ ನೆನಪಾಯಿತು. ಬಾಯಿಗೆ ಬಂದದ್ದನ್ನು ಹೇಗೋ ನುಂಗಿಕೊಂಡೆ. "ನಾನು ಇಲ್ಲಿ ಹಲ್ಲು ಕೀಳಿಸ್ಕೊಂಡು ಬಿದ್ದಿದ್ರೆ, ನೀವಿಬ್ರೂ ಅಲ್ಲಿ ನನ್ನ ಹಾಡು..."

"ನಿನ್ನ ಹಾಡು ಯಾವುದೇ ಅದು?" ಅಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಅದಿದ್ದರೆ ಎಷ್ಟೋ ಚೆನ್ನಾಗಿತ್ತು. "ನೀನು ಹಾಡು ಬೇಕಿಲ್ದೇ ನಿದ್ದೆ ಮಾಡೋ ಮಗು. ಅದನ್ನ ಹಾಡ್ತಿದ್ದಿದ್ದು ಅವನಿಗೆ. ಉಬ್ಬಸ ಬಂದಾಗ ಎದೆ ಮೇಲೆ ಮಲಗಿಸ್ಕೊಂಡು, ಅವನ ಉಸಿರು ಹಾಡಿನ ಹಿಂದೆ ನಿಧಾನಕ್ಕೆ ಬರ್ಲಿ ಅಂತ ಎಳೆದೆಳೆದು ಹಾಡ್ತಿದ್ದೆ. ಅವಸರ ಮಾಡಿದ್ರೆ ಅವನಿಗೆ ಉಸಿರು ಕಟ್ತಿತ್ತು. ನೀನು ಪಕ್ಕದಲ್ಲಿ ಮಲಗಿ ಕೇಳಿಸ್ಕೊಂಡೆ. ನೀನು ಊದೋದು ಚೆನ್ನಾಗಿರುತ್ತೆ, ಆದ್ರೆ ತುಂಬ ಓಡಿಸ್ತೀಯ. ಅಷ್ಟೊಂದು ತಿರುವು ಹಾಕ್ತೀಯ. ಮೊನ್ನೆ ಅವನ ಮನೇಲಿ ಕೂತಾಗ, ಇಷ್ಟು ವರ್ಷದಲ್ಲಿ ಮೊದಲ್ನೇ ಸಲ ನನ್ನ ಹಾಡು ನಂಗೆ ಕೇಳಿಸ್ತು."

"ಮತ್ತೆ ಚೆನ್ನಾಗಿದೆ ಚೆನ್ನಾಗಿದೆ ಅಂತಿದ್ಯಲ್ಲ. ಇಷ್ಟು ವರ್ಷ."

"ಮಗಳು ಊದ್ತಿದಾಳೆ, ನಾಲ್ಕು ಜನ ಕೇಳ್ತಿದಾರೆ ಅಂತ ಖುಷಿ ಆಗ್ತಿತ್ತು. ಅದನ್ನೇ ಹೇಳಿದ್ದು" ಎಂದಳು ಅಮ್ಮ. "ತೆಗೆಸ್ಬೇಡ ಅದನ್ನ. ಇರ್ಲಿ ಬಿಡು."

ತಮ್ಮ ಮಾಡಿದ್ದು ಕಳ್ಳತನ. ಅದಕ್ಕೆ ಹೆಸರಿದೆ, ಬೈಯಬಹುದು, ಮಾತು ಬಿಡಬಹುದು. ಅಮ್ಮ ಮಾಡಿದ್ದಕ್ಕೆ ಏನೆನ್ನುತ್ತಾರೋ ನನಗೆ ಈಗಲೂ ಗೊತ್ತಿಲ್ಲ. ಒಂದು ಸಲ, ಒಂದೇ ಒಂದು ಸಲ, "ಸ್ವಲ್ಪ ನಿಧಾನಕ್ಕೆ ಊದೇ" ಎಂದಿದ್ದರೆ ಸಾಕಿತ್ತು. ನಾನು ಜಗಳವಾಡುತ್ತಿದ್ದೆ, ಬಾಗಿಲು ಬಡಿದುಕೊಂಡು ಹೋಗುತ್ತಿದ್ದೆ, ಮಾರನೆಯ ದಿನ ನಿಧಾನಕ್ಕೆ ಊದುತ್ತಿದ್ದೆ. ನನಗೆ ಆ ಜಗಳವನ್ನೂ ಕೊಡಲಿಲ್ಲ. ಯಂತ್ರಕ್ಕೆ ಹೇಳಿದಳು, ನನಗೆ ಹೇಳಲಿಲ್ಲ.

ಹಾಡನ್ನು ತೆಗೆಸಲಿಲ್ಲ. ಅಮ್ಮ ಬೇಡವೆಂದ ಮೇಲೆ ತೆಗೆಸಿ ಯಾರಿಗೆ ತೋರಿಸಲಿ. ನಾನು ಊದಿಲ್ಲ ಎಂದು ಆಲ್ಬಮ್ಮಿನ ಹೊದಿಕೆಯ ಮೇಲೆ ಬರೆಯಬೇಕು ಎಂದು ಮಾತ್ರ ತಂತಿಗೆ ಹೇಳಿಕಳಿಸಿದೆ. ಅವನು ಬರೆದ, ಹಿಂಬದಿಯಲ್ಲಿ, ಕನ್ನಡಕ ಹಾಕಿಕೊಂಡವರಿಗೂ ಕಾಣದ ಅಕ್ಷರದಲ್ಲಿ. ಯಾರೂ ಓದಲಿಲ್ಲ. ಆಲ್ಬಮ್ ಹೊರಬಂದ ಮೇಲೆ ಎಲ್ಲರೂ ಏಳನೆಯದನ್ನೇ ಹಿಡಿದುಕೊಂಡರು. ದಂತವೈದ್ಯೆ ಹೊಸ ಹಲ್ಲು ಕೂರಿಸುತ್ತ, ನನ್ನ ಬಾಯಿ ಪೂರ್ತಿ ತೆರೆದಿರುವಾಗ, "ಆ ಕೊನೇದು ದಿನಾ ಹಾಕ್ಕೊಂಡು ಮಲಗ್ತೀನಿ. ಇಂಥ ಹಲ್ಲು ಇಟ್ಕೊಂಡು ಹೇಗ್ರೀ ಊದಿದ್ರಿ?" ಎಂದಳು. ಬಾಯಲ್ಲಿ ಅವಳ ಎರಡು ಬೆರಳಿದ್ದವು. ಆಂ ಎಂದೆ. ಅದು ಒಪ್ಪಿಕೊಂಡಂತೆ ಕೇಳಿಸಿರಬೇಕು.

ಹೊಸ ಹಲ್ಲು ವಸಡಿಗೆ ಒಗ್ಗಿದ ಮೇಲೆ ಒಂದು ಬೆಳಿಗ್ಗೆ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಸ್ಯಾಕ್ಸೊಫೋನ್ ತೆಗೆದೆ. ಬೇರೇನೂ ಊದಲು ಮನಸ್ಸಿರಲಿಲ್ಲ. ಆ ಹಾಡನ್ನೇ ಹಿಡಿದೆ. ಅಮ್ಮ ಹೇಳಿದಂತೆ ನಿಧಾನಕ್ಕೆ, ಒಂದೂ ತಿರುವಿಲ್ಲದೆ. ಸ್ವರ ಒಡೆಯಿತು, ಗಾಳಿ ಸೋರಿತು. ಮತ್ತೆ ಊದಿದೆ. ಮೂರನೆಯ ಸಾಲಿನಲ್ಲಿ ಒಂದು ಕಡೆ, ಒಂದೇ ಕಡೆ, ಅದು ಸರಿಯಾಗಿ ನಿಂತಿತು. ನನಗೇ ಗೊತ್ತಾಯಿತು. ಬಾಗಿಲಿನಾಚೆ ಅಮ್ಮ ಇದ್ದಾಳೆ, ಕೇಳಿಸಿಕೊಂಡಿರುತ್ತಾಳೆ, ಈಗ ಏನಾದರೂ ಅನ್ನುತ್ತಾಳೆ ಎಂದು ಕಾದೆ.

ಅಮ್ಮ ಅಡುಗೆಮನೆಯಿಂದ ಕೂಗಿದಳು. "ಸ್ವಲ್ಪ ನಿಲ್ಸೇ. ಹಾಡು ಹಾಕ್ಕೊಂಡಿದೀನಿ, ಕೇಳಿಸ್ತಾ ಇಲ್ಲ."

ಬಾಗಿಲು ತೆರೆದೆ. ಅವಳು ಸ್ಟೂಲಿನ ಮೇಲೆ ಕೂತು, ಮಡಿಲಲ್ಲಿ ಫೋನಿಟ್ಟುಕೊಂಡು, ಕಣ್ಣು ಮುಚ್ಚಿದ್ದಳು. ನನ್ನ ದನಿ ಏಳನೆಯ ಹಾಡನ್ನು ಎಲ್ಲೂ ಒಡೆಯದಂತೆ ಊದುತ್ತಿತ್ತು. ನಾನು ವಾದ್ಯವನ್ನು ಕೊರಳಿನಿಂದ ಇಳಿಸಿ, ಅದು ಮುಗಿಯಲಿ ಎಂದು ಹೊಸ್ತಿಲಲ್ಲಿ ನಿಂತೆ. ಉದ್ದದ ಹಾಡು ಅದು, ತಂತಿ ಅದನ್ನು ಬಹಳ ಎಳೆದಿದ್ದಾನೆ.